ಚುಕ್ಕೆ ದಾಟಿದ ಕೆಂಪು

ಮಾರ್ಚ್ ೩, ಸೋಮವಾರ

ಈ ಆಸ್ಪತ್ರೆಯನ್ನು ಕಟ್ಟಿದವನು ನಾನು. ಅಡಿಪಾಯದಿಂದ ಹಿಡಿದು ಮೇಲಿನ ನೀರಿನ ಟ್ಯಾಂಕಿನವರೆಗೆ ಒಬ್ಬನೇ ನಿಂತು ಕಟ್ಟಿಸಿದೆ. ಎಂಜಿನಿಯರು ನಕ್ಷೆ ಹಿಡಿದುಕೊಂಡು ಬಂದು, “ಮೇಸ್ತ್ರಿಗಳೇ, ಇದನ್ನ ಯಾವ ಕಡೆಯಿಂದ ನೋಡಬೇಕು?” ಅಂತ ನನ್ನನ್ನೇ ಕೇಳುತ್ತಿದ್ದ. ಅಂಥವನನ್ನು ಇವತ್ತು ಅದೇ ಕಟ್ಟಡದ ಗಂಡಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿಸಿದ್ದಾರೆ. ಎದುರಿನ ಗೋಡೆಯ ಮೂಲೆ ಅರ್ಧ ಇಂಚು ಓರೆಯಾಗಿದೆ. ಅದೊಂದನ್ನು ನಾನು ಊಟಕ್ಕೆ ಹೋದಾಗ ಕಟ್ಟಿರಬೇಕು.

ಕಾರಣ ಒಂದು ಮೊಳೆ. ಕೆಲಸದ ಜಾಗದಲ್ಲಿ ಹಲಗೆಯ ಮೊಳೆ ಚಪ್ಪಲಿ ತೂರಿ ಎಡಗಾಲಿನ ಬೆರಳುಗಳ ಬುಡಕ್ಕೆ ಹೊಕ್ಕಿತು. ಸಕ್ಕರೆ ಕಾಯಿಲೆಯ ಕಾಲು, ನೋವು ಅನ್ನುವುದೇ ಅದಕ್ಕೆ ಮರೆತುಹೋಗಿದೆ. ನಾನು ಎರಡು ದಿನ ಮೊಳೆ ಸಮೇತ ಓಡಾಡಿದೆ ಅಂತ ಅಕ್ಕನ ಮಗಳು ಎಲ್ಲರಿಗೂ ಹೇಳುತ್ತಿದ್ದಾಳೆ. ಶುದ್ಧ ಸುಳ್ಳು. ಒಂದೂವರೆ ದಿನ.

ಅಕ್ಕನ ಮಗಳು ಬಸ್ ಕಂಡಕ್ಟರ್. ಮಾತೂ ಟಿಕೆಟ್ ಹರಿದಂತೆಯೇ. ಈ ಡೈರಿ ಕೈಗಿಟ್ಟು, “ಮಾವ, ಹೇಳೋದನ್ನೆಲ್ಲ ಇದರಲ್ಲಿ ಬರ್ಕೋ. ಪಕ್ಕದ ಮಂಚದವರಾದ್ರೂ ಬದುಕ್ಕೊಳ್ಳಲಿ” ಅಂದು ಡ್ಯೂಟಿಗೆ ಹೋದಳು. ಬರೆಯಲು ನನಗೇನು ಕಷ್ಟ? ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು. ಎಂಟಕ್ಕೆ ಹೋಗದಿದ್ದುದು ಮೇಷ್ಟ್ರಿಗೆ ಮುಜುಗರ ಆಗಬಾರದು ಅಂತ.

ಕಾಲಿನ ಡಾಕ್ಟರು ಬಂದು ನೋಡಿದರು. ಬೆರಳುಗಳ ಸುತ್ತ ಕೆಂಪಾಗಿ ಊದಿದೆ. “ಔಷಧಿ ಕೊಟ್ಟು ನೋಡೋಣ. ಕೆಂಪು ಇಳಿದರೆ ಮನೆಗೆ. ಮೇಲಕ್ಕೆ ಹತ್ತಿದರೆ ಅದೇ ದಿನ ಕೊಯ್ಯಬೇಕು. ತಡ ಆದರೆ ಮೊಣಕಾಲಿನ ತನಕ ಹೋಗುತ್ತೆ, ಹುಷಾರು” ಅಂದರು. ನಾನು ನಕ್ಕೆ. ಕಾಲಿಲ್ಲದ ಮೇಸ್ತ್ರಿ ಅಂದರೆ ಮೆಟ್ಟಿಲಿಲ್ಲದ ಏಣಿ. ಅಂಥದ್ದು ನನಗಾಗುವುದಿಲ್ಲ.

ಈ ವಾರ್ಡಿನಲ್ಲಿ ಮೆಚ್ಚುವಂಥದ್ದು ಒಂದಿದೆ, ಇಲ್ಲಿನ ದೊಡ್ಡ ಸಿಸ್ಟರ್. ನಾನು ಇಟ್ಟ ಹೆಸರು ಗುಡುಗು. ಆಕೆ ಬಾಗಿಲಲ್ಲಿ ಕಾಣಿಸಿಕೊಂಡರೆ ನರ್ಸುಗಳ ಬೆನ್ನು ಗೋಡೆಯ ನೇರ ನೋಡಲು ದಾರದಲ್ಲಿ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗಾಗುತ್ತದೆ. ಹಾಸಿಗೆಯಲ್ಲಿ ಒಂದು ಸುಕ್ಕಿರಬಾರದು. ನೀರಿನ ಲೋಟ ಬಲಗಡೆಯೇ ಇರಬೇಕು. ಡಾಕ್ಟರಿಗೆ ಏನೇ ಹೇಳುವುದಿದ್ದರೂ ಆಕೆಯೇ ಹೇಳಬೇಕು. “ನನಗೆ ಹೇಳದೆ ಫೋನ್ ಮುಟ್ಟಿದರೆ ಗೊತ್ತಲ್ಲ?” ಅಂದರು ಮಧ್ಯಾಹ್ನ. ಯಾರೂ ಗೊತ್ತಿಲ್ಲ ಅನ್ನಲಿಲ್ಲ. ಭಲೇ! ನಾನು ನನ್ನ ಆಳುಗಳನ್ನು ನಡೆಸುವುದೂ ಹೀಗೇ. ಹೆದರಿಕೆ ಇಲ್ಲದ ಕಡೆ ಗಾರೆಯೂ ಗಟ್ಟಿಯಾಗುವುದಿಲ್ಲ.

ಮಾರ್ಚ್ ೪, ಮಂಗಳವಾರ

ಬೆಳಗ್ಗೆ ಡ್ರೆಸಿಂಗ್ ಬಿಚ್ಚಿದವಳು ಒಬ್ಬ ಚಿಕ್ಕ ನರ್ಸ್. ಕೆಲಸ ಇನ್ನೂ ಖಾಯಂ ಆಗಿಲ್ಲವಂತೆ. ಮಾತಾಡಿದರೆ ಕೇಳಿಸುವುದಿಲ್ಲ, ನಡೆದರೆ ಸದ್ದಿಲ್ಲ, ಕಣ್ಣು ಮಾತ್ರ ನಾಲ್ಕೂ ಕಡೆ. ಗುಬ್ಬಿ ಅಂತ ಹೆಸರಿಟ್ಟೆ.

“ಅಂಕಲ್, ಅಲ್ಲಾಡಬೇಡಿ.”

“ಅಂಕಲ್ ಯಾರಮ್ಮ? ಮಾವ ಅನ್ನು, ಅದಕ್ಕೇನೂ ಖರ್ಚಿಲ್ಲ.”

ನಗು ಬಂತು ಅವಳಿಗೆ. ಬಾಗಿಲ ಕಡೆ ನೋಡಿ ನುಂಗಿಕೊಂಡಳು.

ಆಮೇಲೆ ಜೇಬಿನಿಂದ ನೀಲಿ ಪೆನ್ನು ತೆಗೆದು, ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಪಾದದ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ತಾರೀಕು ಬರೆದಳು. “ಕೆಂಪು ಈ ಗೆರೆ ದಾಟಿದರೆ ತಕ್ಷಣ ಹೇಳಿ ಮಾವ. ಆಮೇಲೆ ಹೇಳೋಣ ಅನ್ನಬೇಡಿ.”

ನನಗೆ ಆಶ್ಚರ್ಯ. ಇದು ನಮ್ಮ ಕಸುಬಿನ ವಿದ್ಯೆ! ಗೋಡೆ ಬಿರುಕು ಬಿಟ್ಟರೆ ಬಿರುಕಿನ ತುದಿಗೆ ಪೆನ್ಸಿಲ್ಲಿನಿಂದ ಗೀರಿ ತಾರೀಕು ಬರೆಯುತ್ತೇವೆ. ಬಿರುಕು ಗೀರು ದಾಟಿದರೆ ಅದಕ್ಕಿನ್ನೂ ಜೀವ ಇದೆ. ನಿಂತಲ್ಲೇ ನಿಂತರೆ ಸತ್ತಿದೆ, ಗಾರೆ ಮೆತ್ತಿ ಸುಣ್ಣ ಬಳಿಯಬಹುದು. ಇದನ್ನು ಕಂಡುಹಿಡಿದವನು ನಾನೇ. ನರ್ಸುಗಳಿಗೆ ಯಾರು ಹೇಳಿಕೊಟ್ಟರೋ.

ಡಾಕ್ಟರು ಬರುವ ಸ್ವಲ್ಪ ಮೊದಲು ಗುಡುಗು ಸಿಸ್ಟರ್ ಬಂದು ಹೊದಿಕೆ ಎತ್ತಿದರು.

“ಇದೇನು? ಪೇಷೆಂಟ್ ಕಾಲಾ, ಸ್ಲೇಟಾ?”

“ಸಿಸ್ಟರ್, ಕೆಂಪು ಹರಡಿದರೆ ಗೊತ್ತಾಗಲಿ ಅಂತ... ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ರು...”

“ಟ್ರೇನಿಂಗ್ ಮನೇಲಿಟ್ಟು ಬಾ. ನೋಡೋದಕ್ಕೆ ಕಣ್ಣು ಕೊಟ್ಟಿದಾನೆ ದೇವರು. ರೌಂಡ್ಸ್ ಹೊತ್ತಿಗೆ ಹೀಗೆ ಗೀಚಿಟ್ಟರೆ ಡಾಕ್ಟರ್‌ಗೆ ನಾನೇನು ಉತ್ತರ ಕೊಡಲಿ? ಖಾಯಂ ಮಾಡೋ ಕಾಗದಕ್ಕೆ ಸಹಿ ನಂದು, ನೆನಪಿದೆಯಾ?”

ಅಷ್ಟು ಜನರ ಎದುರಿಗೆ ಹೇಳಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಗೆರೆಯನ್ನು ತಾವೇ ಒರೆಸಿದರು. ಗುಬ್ಬಿ ಹೊರಗೆ ಹೋದಳು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದಳು.

ಪಕ್ಕದ ಮಂಚದಲ್ಲಿ ಹೊಟ್ಟೆ ಆಪರೇಷನ್ ಆದ ಮುದುಕರಿದ್ದಾರೆ, ಮುಂಚೆ ಪೋಸ್ಟ್‌ಮ್ಯಾನ್. ಟಪಾಲಣ್ಣ ಅಂತ ಕರೆಯುತ್ತೇನೆ. “ಪಾಪ, ಹುಡುಗಿ” ಅಂದರು.

“ಏನು ಪಾಪ? ಬೈಸಿಕೊಳ್ಳದವನು ಕೆಲಸ ಕಲಿಯಲ್ಲ ಟಪಾಲಣ್ಣ. ನನ್ನ ಆಳುಗಳನ್ನ ಕೇಳಿ.”

“ಅವರು ಹೇಳೋದಾದ್ರೂ ಹೇಗೆ? ನೀವು ಬಾಯಿ ಬಿಡೋಕೆ ಬಿಡಬೇಕಲ್ಲ.”

ಮುದುಕರಿಗೆ ಹೊಟ್ಟೆ ಕೊಯ್ದ ಮೇಲೂ ಕೊಬ್ಬು ಉಳಿದಿದೆ.

ಮಾರ್ಚ್ ೫, ಬುಧವಾರ

ಇವತ್ತು ಟಪಾಲಣ್ಣ ಸತ್ತು ಬದುಕಿದರು.

ಎದ್ದು ಕೂತು ನೀರು ಕುಡಿಯುತ್ತಿದ್ದವರು ನನ್ನ ಜತೆ ಮಾತಾಡುತ್ತಾ ಮಾತಾಡುತ್ತಾ ಸುಣ್ಣದ ಹಾಗೆ ಬೆಳ್ಳಗಾಗಿ ಪಕ್ಕಕ್ಕೆ ವಾಲಿದರು. ಹತ್ತಿರ ಇದ್ದ ನರ್ಸ್ ಕಲ್ಲಾಗಿ ನಿಂತುಬಿಟ್ಟಳು. ವಾರ್ಡಿನ ಆ ಕೊನೆಯಿಂದ ಗುಡುಗು ಸಿಸ್ಟರ್ ದನಿ ಬಂತು. “ನೀನು ತಲೆಕಡೆ ತಗ್ಗಿಸು! ನೀನು ಆಕ್ಸಿಜನ್! ನೀನು ಡಾಕ್ಟರ್‌ಗೆ ಫೋನ್ ಮಾಡು! ಪರದೆ ಎಳಿರಿ!” ನಾಲ್ಕು ಜನ ಒಂದೇ ಮೈಯ ಕೈಕಾಲುಗಳಂತೆ ಓಡಿದರು. ಒಳಗೆ ರಕ್ತ ಸೋರಿತ್ತಂತೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಟಪಾಲು ಮೇಲಿನ ವಿಳಾಸಕ್ಕೆ ಹೋಗುತ್ತಿತ್ತು.

ಎಲ್ಲ ಮುಗಿದ ಮೇಲೆ ಪರದೆಯ ಸಂದಿನಿಂದ ನೋಡಿದೆ. ಗುಡುಗು ಸಿಸ್ಟರ್ ಸ್ಟೂಲಿನ ಮೇಲೆ ಕೂತಿದ್ದರು. ಎರಡು ಕೈಗಳೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು, ಬಿಟ್ಟರೆ ನಡುಗುತ್ತೇವೆ ಅನ್ನುವ ಹಾಗೆ. ಆಮೇಲೆ ಎದ್ದು ಬಂದು ನನ್ನ ಹಾಸಿಗೆಯ ಸುಕ್ಕು ನೋಡಿ ಯಾರಿಗೋ ಬೈದರು. ಇಂಥವರು ಬೇಕು ಸ್ವಾಮಿ. ಮೆತ್ತಗಿದ್ದವರ ಕೈಯಲ್ಲಿ ಟಪಾಲಣ್ಣ ಉಳಿಯುತ್ತಿದ್ದರೇ?

ಸಂಜೆ ನನ್ನ ಬಲಗೈ ಬಂದಿದ್ದ. ಹದಿನೈದು ವರ್ಷದಿಂದ ನನ್ನ ಜತೆ ಗೋಡೆ ಕಟ್ಟುವವನು. ಯಾವಾಗಲೂ ತಲೆ ಕೆಳಗೆ ಹಾಕಿ ನೆಟ್ಟಗೆ ನಿಲ್ಲುತ್ತಾನೆ, ಅದಕ್ಕೇ ತೂಗುಗುಂಡು ಅಂತ ಹೆಸರು. ನಾನಿಲ್ಲದೆ ಒಂದು ಮನೆಯ ಮುಂದೆ ಬಾಗಿಲ ಮೇಲೆ ಹೊರಚಾಚುವ ಸಜ್ಜಕ್ಕೆ ಕಾಂಕ್ರೀಟ್ ಹಾಕಿದ್ದಾರೆ.

“ಸಜ್ಜ ಹೇಗೆ ಬಂತೋ?”

“ಚೆನ್ನಾಗಿದೆ ಮೇಸ್ತ್ರಿ.”

“ಕಂಬಿ ಮೇಲ್ಗಡೆ ಕಟ್ಟಿದ್ರಾ, ಕೆಳಗಡೆನಾ?”

“ಎಲ್ಲಾ ಸರಿ ಇದೆ ಮೇಸ್ತ್ರಿ.”

ಮಂಚದ ಕಾಲ ಬಳಿಯೇ ನಿಂತಿದ್ದ. ಕೂರು ಅಂದರೂ ಕೂರಲಿಲ್ಲ. ನೋಡಿ, ಮಲಗಿದಲ್ಲಿಂದಲೇ ಕೆಲಸ ನಡೆಸುತ್ತೇನೆ. ಅದಕ್ಕೆ ಅನ್ನುವುದು ಹಿಡಿತ ಅಂತ.

ಮಾರ್ಚ್ ೬, ಗುರುವಾರ

ಬೆಳಗ್ಗೆ ಗುಬ್ಬಿ ಡ್ರೆಸಿಂಗ್ ಮಾಡುವಾಗ ಸುತ್ತ ನೋಡಿ, ಗೆರೆಯ ಬದಲು ನಾಲ್ಕು ಸಣ್ಣ ಚುಕ್ಕೆ ಇಟ್ಟಳು. ನೋಡಿದರೆ ಮಚ್ಚೆ ಅನ್ನಬೇಕು.

“ಯಾರಿಗೂ ತೋರಿಸಬೇಡಿ ಮಾವ. ಚುಕ್ಕೆ ದಾಟಿದರೆ ಮಾತ್ರ ನನಗೆ ಹೇಳಿ.”

“ನಿನಗೆ ಹೇಳಿದರೆ ನೀನು ಯಾರಿಗೆ ಹೇಳ್ತೀಯ?”

“ದೊಡ್ಡ ಸಿಸ್ಟರ್‌ಗೆ.”

“ಅವರು ಹೇಗೆ ಗೊತ್ತಾಯ್ತು ಅಂತ ಕೇಳಿದರೆ?”

ಅವಳು ಪೆನ್ನು ಜೇಬಿಗೆ ಹಾಕಿಕೊಂಡಳು. ಪ್ಲಾಸ್ಟರ್ ಅಂಟಿಸಿ ಹೋದಳು.

ಊಟ ಆದ ಮೇಲೆ ಪಟ್ಟಿಯ ಅಂಚು ಎತ್ತಿ ನೋಡಿಕೊಂಡೆ. ಕೆಂಪು ಚುಕ್ಕೆಯನ್ನು ದಾಟಿತ್ತು. ಒಂದು ಬೆರಳಿನ ಅಗಲ ಇರಬಹುದು. ಎರಡು ಸಲ ನೋಡಿದೆ. ಕಿಟಕಿಯ ಬಿಸಿಲಿಗೆ ಕಾಲು ಹಿಡಿದೂ ನೋಡಿದೆ.

ಈಗ ಯೋಚನೆ ಮಾಡಬೇಕಾಯಿತು. ನಾನು ಬಾಯಿ ಬಿಟ್ಟರೆ ಗುಡುಗು ಸಿಸ್ಟರ್ ಬರುತ್ತಾರೆ, ಚುಕ್ಕೆ ನೋಡುತ್ತಾರೆ, ಆ ಹುಡುಗಿಯ ಕೆಲಸ ಹೋಗುತ್ತದೆ. ಒಂದು ಹೆಣ್ಣುಮಗಳ ಅನ್ನ ನನ್ನ ಕಾಲಿನಿಂದ ಹೋಗಬಾರದು. ಅದೊಂದೇ ಕಾರಣಕ್ಕೆ, ಬೇರೆ ಯಾವ ಕಾರಣಕ್ಕೂ ಅಲ್ಲ, ಎಂಜಲು ಹಚ್ಚಿ ಅವಳ ಚುಕ್ಕೆಗಳನ್ನು ಒರೆಸಿ, ಇದೇ ಪೆನ್ನಿನಿಂದ ಎರಡು ಬೆರಳು ಆಚೆ ಹೊಸ ಚುಕ್ಕೆ ಇಟ್ಟೆ. ಡಾಕ್ಟರ ಕತ್ತರಿ ಬಗ್ಗೆ ನಾನು ಯೋಚನೆ ಕೂಡ ಮಾಡಲಿಲ್ಲ.

ಅಚ್ಚುಕಟ್ಟಾಗಿ ಬಂದಿದೆ. ಕೈ ಮೇಸ್ತ್ರಿಯದಲ್ಲವೇ.

ಮಾರ್ಚ್ ೭, ಶುಕ್ರವಾರ

ಗುಬ್ಬಿ ನೋಡಿ, “ಚುಕ್ಕೆ ಒಳಗೇ ಇದೆ ಮಾವ!” ಅಂದಳು. ಅಷ್ಟು ಖುಷಿಯಿಂದ ಯಾರೂ ನನ್ನ ಕಾಲನ್ನು ನೋಡಿದ್ದಿಲ್ಲ. ನಾನೂ ನಕ್ಕೆ.

ರೌಂಡ್ಸ್ ಹೊತ್ತಿಗೆ ಪಟ್ಟಿ ಹೊಸದು, ಹಾಸಿಗೆ ಇಸ್ತ್ರಿ ಮಾಡಿದಂತಿತ್ತು. ಡಾಕ್ಟರು ಅವಸರದಲ್ಲಿದ್ದರು. “ಹೇಗಿದೆ?” ಅಂದರು. ನಾನು ಹೇಳುವುದಕ್ಕಿಂತ ಮೊದಲು ಗುಡುಗು ಸಿಸ್ಟರ್, “ಪರವಾಗಿಲ್ಲ ಸರ್, ಕಂಪ್ಲೇಂಟ್ ಇಲ್ಲ” ಅಂದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಹಾಗಾಗಿ ಕಂಪ್ಲೇಂಟ್ ಇರಲಿಲ್ಲ. ಸರಿಯಾದ ಮಾತೇ.

ಸಂಜೆ ಅಕ್ಕನ ಮಗಳು ಮೂಗು ಮುಚ್ಚಿಕೊಂಡಳು. “ಮಾವ, ಏನೋ ವಾಸನೆ.”

“ನಿನ್ನ ಬಸ್ಸಿನದು.”

“ಬಸ್ಸಿನ ವಾಸನೆ ನಂಗೊತ್ತು. ಇದು ಬೇರೆ. ಸಿಸ್ಟರ್‌ಗೆ ಹೇಳ್ಲಾ?”

“ಹೇಳಿದರೆ ನಿನ್ನನ್ನೇ ಆಚೆ ಕಳಿಸ್ತಾರೆ. ಸುಮ್ನಿರು.”

ಗುಡುಗು ಸಿಸ್ಟರ್ ತಾಯಿಗೆ ಹುಷಾರಿಲ್ಲವಂತೆ, ನಾಳೆಯಿಂದ ಎರಡು ವಾರ ರಜೆ. ಹೋಗುವಾಗ ವಾರ್ಡಿಗೆಲ್ಲ ಕೇಳುವಂತೆ, “ನಾನಿಲ್ಲ ಅಂತ ಸಡಿಲ ಬಿಟ್ಟರೆ ನೋಡಿ” ಅಂದು, ಟಪಾಲಣ್ಣನ ಹೊದಿಕೆಯನ್ನು ಎಳೆದು ಸರಿಮಾಡಿ ಹೋದರು.

ಸ್ವಲ್ಪ ಚಳಿ ಅನ್ನಿಸುತ್ತಿದೆ. ಫ್ಯಾನಿನದು.

ಮಾರ್ಚ್ ೮, ಶನಿವಾರ

ಜ್ವರ ಅಲ್ಲ ಇದು. ಥರ್ಮಾಮೀಟರ್ ಕಂಕುಳಲ್ಲಿ ಸಡಿಲ ಹಿಡಿದೆ, ಕಡಿಮೆ ತೋರಿಸಿತು. ಚುಕ್ಕೆ ಮತ್ತೆ ಸರಿಸಬೇಕಾಯಿತು. ಪಾದದ ಗಂಟಿನ ಹತ್ತಿರ. ಊಟ ಬೇಡ ಅನ್ನಿಸಿತು. ಟಪಾಲಣ್ಣ ನನ್ನನ್ನೇ ನೋಡುತ್ತಾ ಮಲಗಿದ್ದರು. ಅವರೊಂದಿಗೆ ಮಾತಾಡಲಿಲ್ಲ.

ಮಾರ್ಚ್ ೯, ಭಾನುವಾರ

ಬೇಗ ಬೇಗ ಬರೆಯುತ್ತೇನೆ. ಇನ್ನು ಸ್ವಲ್ಪ ಹೊತ್ತಿಗೆ ಗಾಲಿಮಂಚ ತರುತ್ತಾರೆ. ಪೆನ್ನು ಕಸಿದುಕೊಳ್ಳುವ ಮೊದಲು ಮುಗಿಸಬೇಕು.

ಗುಡುಗು ಸಿಸ್ಟರ್ ಜಾಗಕ್ಕೆ ಬೇರೆ ವಾರ್ಡಿನಿಂದ ಒಬ್ಬರನ್ನು ಹಾಕಿದ್ದಾರೆ. ದನಿ ಹತ್ತಿಯ ಹಾಗೆ, ಹೆಸರೂ ಹತ್ತಿ ಅಂತಲೇ ಇಟ್ಟೆ. ಇವರದು ವಿಚಿತ್ರ ಪದ್ಧತಿ. ಡ್ಯೂಟಿ ಬದಲಾಗುವಾಗ ಹೋಗುವ ನರ್ಸು, ಬರುವ ನರ್ಸು ಎಲ್ಲರೂ ಒಂದೊಂದೇ ಮಂಚದ ಬಳಿ ನಿಲ್ಲಬೇಕು. ಹೋಗುವವಳು ಏನೇನಾಯಿತು ಅಂತ ಹೇಳಬೇಕು. ಕೊನೆಗೆ ಮಲಗಿದವನನ್ನೇ ಕೇಳುತ್ತಾರೆ, “ಇವರು ಹೇಳಿದ್ದರಲ್ಲಿ ಏನಾದರೂ ಬಿಟ್ಟುಹೋಯ್ತಾ?” ಅಂತ. ಮನೆ ಕಟ್ಟುವಾಗ ಇಟ್ಟಿಗೆಯನ್ನು ಕೇಳಿದ ಹಾಗೆ!

ಟಪಾಲಣ್ಣನ ಮಂಚದ ಹತ್ತಿರ ಹತ್ತಿ ಸಿಸ್ಟರ್ ಹೇಳಿದರು: “ಬೆಳಗ್ಗೆ ಇವರ ಒಂದು ಮಾತ್ರೆ ಕೊಡೋದನ್ನ ನಾನು ಮರೆತೆ. ಒಂದು ಗಂಟೆ ತಡವಾಗಿ ಕೊಟ್ಟೆ. ಡಾಕ್ಟರ್‌ಗೆ ಹೇಳಿದೀನಿ, ತೊಂದರೆ ಇಲ್ಲ ಅಂದ್ರು. ನೀವೂ ಗಮನಿಸಿ.” ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಆಯಿತು ಈ ವಾರ್ಡಿನ ಕಥೆ. ನಾನು ತಪ್ಪಿದೆ ಅಂತ ಹೇಳುವ ಮೇಸ್ತ್ರಿಗೆ ಯಾರು ಗಾರೆ ಕಲಸುತ್ತಾರೆ?

ಆದರೆ ಸೂರು ಬೀಳಲಿಲ್ಲ. ಟಪಾಲಣ್ಣ, “ಒಂದು ಗಂಟೆ ತಾನೇ, ನಾನು ಮನಿಯಾರ್ಡರನ್ನೇ ನಾಲ್ಕು ದಿನ ತಡ ಮಾಡಿದೋನು” ಅಂದರು. ಎಲ್ಲರೂ ನಕ್ಕರು.

ಆಮೇಲೆ ನನ್ನ ಮಂಚ. ಗುಬ್ಬಿ ಹೇಳಿದಳು, “ಕೆಂಪು ಚುಕ್ಕೆ ದಾಟಿಲ್ಲ ಸಿಸ್ಟರ್.” ಹೇಳಿದ ಕೂಡಲೇ ಚುಕ್ಕೆ ಅನ್ನುವ ಮಾತು ಬಾಯಿಂದ ಬಂದುಬಿಟ್ಟಿತಲ್ಲ ಅಂತ ಕಣ್ಣು ಮುಚ್ಚಿಕೊಂಡಳು.

“ನೀನು ಇಟ್ಟಿದ್ದಾ? ಒಳ್ಳೇ ಕೆಲಸ. ಗೆರೆ ಯಾಕೆ ಎಳೀಲಿಲ್ಲ?”

ಗುಬ್ಬಿ ಗುಡುಗು ಸಿಸ್ಟರ್ ಕೂರುವ ಖಾಲಿ ಕುರ್ಚಿಯ ಕಡೆ ನೋಡಿದಳು. ಹತ್ತಿ ಸಿಸ್ಟರ್ ನನ್ನ ಹಣೆ ಮುಟ್ಟಿದರು. “ಮೈ ಕೆಂಡ ಆಗಿದೆಯಲ್ಲ. ಕೆಂಪು ಅಲ್ಲೇ ಇದೆ, ಜ್ವರ ಮಾತ್ರ ಹೇಗೆ ಬಂತು?”

ಗುಬ್ಬಿ ಬಗ್ಗಿ ನೋಡಿದಳು. ಅವಳ ಪೆನ್ನು ನೀಲಿ. ನನ್ನದು ಕಪ್ಪು. ಇದು ನನಗೆ ಹೊಳೆದೇ ಇರಲಿಲ್ಲ! ತಲೆ ಎತ್ತಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು. ಈಗ ಹೇಳುತ್ತಾಳೆ ಅಂದುಕೊಂಡೆ.

“ನಾನೇ ಸರಿಯಾಗಿ ಇಟ್ಟಿಲ್ಲ ಅನ್ಸುತ್ತೆ ಸಿಸ್ಟರ್” ಅಂದಳು.

ಹತ್ತಿ ಸಿಸ್ಟರ್ ದನಿ ಏರಲಿಲ್ಲ. “ಯಾರ ತಪ್ಪು ಅಂತ ನಾನು ಕೇಳಿಲ್ಲಮ್ಮ. ಮೊದಲು ಎಲ್ಲಿತ್ತು ಅಂತ ಗೊತ್ತಾದರೆ ಸಾಕು. ಎಷ್ಟು ಬೇಗ ಹತ್ತುತ್ತಾ ಇದೆ ಅಂತ ಡಾಕ್ಟರ್‌ಗೆ ಹೇಳಬೇಕು. ಗೊತ್ತಿರೋರು ಯಾರಾದರೂ ಹೇಳಿ.”

ಅಷ್ಟೇ. ಸುಮ್ಮನೆ ಕಾದರು. ನಾನು ಬೈಗುಳ ಬರಲಿ ಅಂತ ಕಾದೆ. ಬೈದಿದ್ದರೆ ನಾನೂ ತಿರುಗಿ ಕೂಗಾಡಿ ಪಾರಾಗುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಕೆಮ್ಮಿದೆ. ಕೆಮ್ಮು ಮುಗಿಯಿತು. ಇನ್ನೂ ಕಾಯುತ್ತಲೇ ಇದ್ದರು. ಗುಬ್ಬಿಯ ಕೈ ನನ್ನ ಮಂಚದ ಕಂಬಿಯ ಮೇಲಿತ್ತು, ಬೆರಳ ಸಂದಿನಲ್ಲಿ ಅದೇ ನೀಲಿ ಪೆನ್ನು.

“ಇಲ್ಲಿ” ಅಂದೆ, ಪಾದದ ಮೇಲೆ ಬೆರಳಿಟ್ಟು. “ಗುರುವಾರ ಮಧ್ಯಾಹ್ನ ಇಲ್ಲಿಗೆ ಬಂದಿತ್ತು. ನಿನ್ನೆ ಇಲ್ಲಿಗೆ. ಚುಕ್ಕೆ ಸರಿಸಿದೋನು ನಾನು. ಈ ಹುಡುಗಿ ಇಟ್ಟಿದ್ದು ಸರಿಯಾಗೇ ಇತ್ತು.” ವಾರ್ಡಿನ ಕಿಟಕಿ ಅದುರುವಂಥ ದನಿಯಲ್ಲಿ ಹೇಳಿದೆ. ಟಪಾಲಣ್ಣ ತಮಗೆ ಏನೂ ಕೇಳಿಸಲೇ ಇಲ್ಲ ಅನ್ನುತ್ತಾರೆ. ಕಿವಿ ಮಂದ.

ಹತ್ತಿ ಸಿಸ್ಟರ್ ತಲೆಯಾಡಿಸಿ ಫೋನನ್ನು ಗುಬ್ಬಿಯ ಕೈಗೆ ಕೊಟ್ಟರು. “ನೀನೇ ಮಾತಾಡು. ದಿನಾ ನೋಡಿದೋಳು ನೀನು.” ಗುಬ್ಬಿ ಮಾತಾಡಿದಳು. ಎಲ್ಲಿಂದ ಬಂತೋ ಆ ದನಿ, ಒಂದೊಂದು ಅಕ್ಷರವೂ ಈ ಕಡೆಯ ಗೋಡೆಗೆ ಬಡಿದು ಕೇಳಿಸಿತು.

ಭಾನುವಾರ ಆದರೂ ಡಾಕ್ಟರು ಓಡಿ ಬಂದರು. ಪಟ್ಟಿ ಬಿಚ್ಚಿ ನೋಡಿ, “ಇವತ್ತೇ” ಅಂದರು. “ನಾಳೆ ರೌಂಡ್ಸ್‌ವರೆಗೆ ಬಿಟ್ಟಿದ್ದರೆ ಮೊಣಕಾಲು ಉಳೀತಿರಲಿಲ್ಲ. ಈಗಲೂ ಒಳಗೆ ನೋಡದೆ ಮಾತು ಕೊಡೋಕಾಗಲ್ಲ. ಗುರುವಾರವೇ ಕರೆದಿದ್ದರೆ...” ಅಂತ ಶುರುಮಾಡಿ ನಿಲ್ಲಿಸಿದರು. ಅರ್ಧಕ್ಕೆ ನಿಲ್ಲಿಸಿದ ಗೋಡೆ ನೋಡೋಕೆ ಇಷ್ಟು ಕಷ್ಟ ಆಗುವುದಿಲ್ಲ.

ಅಕ್ಕನ ಮಗಳು ಟಿಕೆಟ್ ಚೀಲ ಹೆಗಲಲ್ಲಿಟ್ಟುಕೊಂಡೇ ಬಂದಿದ್ದಾಳೆ. ಬೈಯುತ್ತಿಲ್ಲ. ಅವಳು ಬೈಯದೇ ಕೂತಿರುವುದನ್ನು ನೋಡಿ ನನಗೆ ಮೊದಲ ಸಲ ಭಯ

ಮಾರ್ಚ್ ೧೧, ಮಂಗಳವಾರ

ಮೊಣಕಾಲು ಇದೆ. ಪಾದ ಇದೆ. ಒಂದು ಉಗುರು ಹೋಗಿದೆ ಅಷ್ಟೇ.

ಮಾರ್ಚ್ ೧೪, ಶುಕ್ರವಾರ

ಬಂದವರಿಗೆಲ್ಲ ಉಗುರಿನ ಕಥೆ ಹೇಳಿ ಸಾಕಾಯಿತು. ಒಬ್ಬ ಹುಡುಗ ಬಂದು ಊರುಗೋಲು ಹಿಡಿದು ನಡೆಯುವುದನ್ನು ಕಲಿಸುತ್ತಿದ್ದಾನೆ. ಟಪಾಲಣ್ಣ ಮಲಗಿದಲ್ಲಿಂದಲೇ, “ಒಂದು ಉಗುರಿಗೆ ಎರಡು ಊರುಗೋಲಾ ಮೇಸ್ತ್ರಿ? ಪೂರ್ತಿ ಬೆರಳೇ ಹೋಗಿದ್ದರೆ ಸೇತುವೆ ಕಟ್ಟಿಸ್ತಿದ್ರಾ?” ಅಂದರು. ಅವರಿಗೆ ನಾಳೆ ಮನೆಗೆ ಕಳಿಸುತ್ತಾರೆ. ಹೋಗಲಿ, ಪೀಡೆ. ಮಾತಾಡಲು ಇನ್ನು ಯಾರಿದ್ದಾರೆ ನೋಡಬೇಕು.

ಗುಬ್ಬಿ ಈಗ ಗೆರೆಯನ್ನೇ ಎಳೆಯುತ್ತಾಳೆ. ನನ್ನ ಪೆನ್ನನ್ನು ದಿನಾ ಬೆಳಗ್ಗೆ ಕಸಿದುಕೊಂಡು ಸಂಜೆ ಕೊಡುತ್ತಾಳೆ. ನಂಬಿಕೆಯೇ ಇಲ್ಲ ಈ ಕಾಲದ ಮಕ್ಕಳಿಗೆ. “ಯಾಕೆ ನನ್ನ ಹೆಸರು ಹೇಳಲಿಲ್ಲ?” ಅಂತ ಕೇಳಿದೆ. “ನೀವು ಯಾಕೆ ಸರಿಸಿದ್ರಿ?” ಅಂದಳು. “ನಿನಗೋಸ್ಕರ” ಅಂದೆ. “ಅಷ್ಟೇನಾ ಮಾವ?” ಅಂದಳು. ಹುಡುಗಿಯ ಬಾಯಿ ಬರಬರುತ್ತಾ ಜೋರಾಗುತ್ತಿದೆ.

ಮಧ್ಯಾಹ್ನ ತೂಗುಗುಂಡು ಬಂದ. ಅದೇ ಕಾಲ ಬಳಿ, ಅದೇ ತಲೆ ಕೆಳಗೆ.

“ಬಾ, ಇಲ್ಲಿ ಕೂರು. ಸಜ್ಜದಲ್ಲಿ ಏನಾದರೂ ಬಿಟ್ಟುಹೋಯ್ತೇನೋ?”

“ಇಲ್ಲ ಮೇಸ್ತ್ರಿ, ಎಲ್ಲಾ...”

ನಾನು ಸುಮ್ಮನಿದ್ದೆ. ಮಾತಾಡಲು ಬಾಯಿ ಒಣಗಿತ್ತು, ಅದಕ್ಕೆ. ಅವನು ಮಂಚದ ತುದಿಗೆ ಕೂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಹೇಳಿದ.

“ಬಿರುಕು ಬಿಟ್ಟಿದೆ ಮೇಸ್ತ್ರಿ. ಗೋಡೆ ಸೇರೋ ಕಡೆ. ಕಂಬಿ ಕೆಳಗಡೆ ಹೋಗಿಬಿಟ್ಟಿದೆ. ಅವತ್ತೇ ಗೊತ್ತಾಯ್ತು. ನೀವು... ಅಂತ ಹೇಳಲಿಲ್ಲ. ಮೇಲೆ ಗಾರೆ ಬಳಿದಿದೀವಿ.”

ಆ ಸಜ್ಜದ ಕೆಳಗೆ ಆ ಮನೆಯ ಮಕ್ಕಳು ಆಡುತ್ತವೆ. ಕಂಬಿ ಕೆಳಗಿದ್ದರೆ ಸಜ್ಜ ಒಂದು ದಿನ ಇಡಿಯಾಗಿ ಕಳಚಿ ಬೀಳುತ್ತದೆ.

“ಈಗಲೇ ಹೋಗಿ ಕೆಳಗೆ ಆಸರೆ ಕೊಡು. ಯಾರನ್ನೂ ಹತ್ತಿರ ಬಿಡಬೇಡ. ಮನೆಯೋರಿಗೆ ತಪ್ಪಾಗಿದೆ, ಒಡೆದು ಹಾಕ್ತೀವಿ ಅಂತ ಹೇಳು. ಮೇಸ್ತ್ರಿ ಹೇಳಿದ ಅಂತ ಹೇಳು.”

ಅವನು ಎದ್ದು ನಿಂತು ಒಂದು ಗಳಿಗೆ ನನ್ನನ್ನು ನೋಡಿದ. “ಬೈಯಲ್ವಾ ಮೇಸ್ತ್ರಿ?”

“ಹೊತ್ತಿಲ್ಲ, ಓಡು.”

ಯಾಕೆ ಬೈಯಲಿಲ್ಲವೋ ಗೊತ್ತಿಲ್ಲ. ಔಷಧಿಯ ನಿತ್ರಾಣ ಇರಬೇಕು. ಮನೆಗೆ ಹೋದ ಮೇಲೆ ಸರಿಯಾಗಿ ಬೈಯಬೇಕು.

ಮಾರ್ಚ್ ೧೭, ಸೋಮವಾರ

ಸಜ್ಜ ಒಡೆದು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ತೂಗುಗುಂಡು ತಾನೇ ಫೋನ್ ಮಾಡಿ ಹೇಳಿದ. ಇನ್ನೊಂದು ಮನೆಯ ಮೆಟ್ಟಿಲ ವಿಷಯವೂ ಇದೆ ಮೇಸ್ತ್ರಿ ಅಂದ. ದೇವರೇ, ಎಷ್ಟೆಲ್ಲ ಸರಿ ಇತ್ತು ಇಷ್ಟು ದಿನ!

ಗಾಲಿಕುರ್ಚಿಯಲ್ಲಿ ಅಕ್ಕನ ಮಗಳು ಹೊರಗೆ ಕರೆದುಕೊಂಡು ಹೋಗಿದ್ದಳು. ಸೈಕಲ್ ಸ್ಟ್ಯಾಂಡ್ ತೋರಿಸಿದೆ. “ನೋಡು, ಇದು ನಂದು.”

“ಆಸ್ಪತ್ರೇನೇ ಕಟ್ಟಿದ್ದು ಅಂತಿದ್ದೆ?”

“ಆಸ್ಪತ್ರೆಗೆ ಬರೋರು ಸೈಕಲ್ ಎಲ್ಲಿಡಬೇಕಮ್ಮ?”

ಮಾರ್ಚ್ ೨೪, ಸೋಮವಾರ

ಗುಡುಗು ಸಿಸ್ಟರ್ ವಾಪಸ್ ಬಂದರು.

ಬೆಳಗ್ಗೆ ವಾರ್ಡಿನಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಹಾಸಿಗೆಗಳನ್ನು ಎರಡೆರಡು ಸಲ ಎಳೆದು ಸರಿಮಾಡಿದರು. ಹತ್ತಿ ಸಿಸ್ಟರ್ ತಮ್ಮ ವಾರ್ಡಿಗೆ ತಿರುಗಿ ಹೋಗುವ ಮೊದಲು ಇವರ ಜತೆ ಬಾಗಿಲ ಬಳಿ ಬಹಳ ಹೊತ್ತು ಮಾತಾಡಿದರು. ನಾನು ಕಿವಿ ಚಾಚಿದೆ, ಏನೂ ಕೇಳಿಸಲಿಲ್ಲ. ಗುಡುಗು ಸಿಸ್ಟರ್ ಮೊದಲು ಅಲ್ಲಗಳೆಯುವಂತೆ ಕೈ ಆಡಿಸಿದರು, ಆಮೇಲೆ ಕೇಳುತ್ತಾ ನಿಂತರು. ಮುಖ ಬಡವಾಗಿದೆ. ತಾಯಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಾರಂತೆ. ಮಂಚದ ಪಕ್ಕ ಕೂತು, ಯಾರಾದರೂ ಬಂದು ಏನಾದರೂ ಹೇಳಲಿ ಅಂತ ಇವರೂ ಕಾದಿರಬೇಕು.

ಡ್ಯೂಟಿ ಬದಲಾಗುವ ಹೊತ್ತು. ನರ್ಸುಗಳು ಏನು ಮಾಡಬೇಕು ಅಂತ ತಿಳಿಯದೆ ನಿಂತಿದ್ದರು. ಗುಬ್ಬಿ ಒಂದು ಹೆಜ್ಜೆ ಮುಂದೆ ಬಂದು ನನ್ನ ಮಂಚದ ಬಳಿ ನಿಂತಳು. ಒಬ್ಬಳೇ. ಗಂಟಲು ಸರಿಮಾಡಿಕೊಂಡು ಹೇಳತೊಡಗಿದಳು, ಸಕ್ಕರೆ ಇಷ್ಟು, ಜ್ವರ ಇಲ್ಲ, ಗಾಯ ಒಣಗುತ್ತಿದೆ ಅಂತ. ಇನ್ನಿಬ್ಬರು ಬಂದು ಅವಳ ಪಕ್ಕ ನಿಂತರು. ಕೊನೆಗೆ ಗುಡುಗು ಸಿಸ್ಟರ್ ಬಂದರು. ಹೊದಿಕೆ ಎತ್ತಿದರು.

ಕಾಲಿನ ಮೇಲೆ ನೀಲಿ ಗೆರೆ ಢಾಳಾಗಿ ಕಾಣುತ್ತಿತ್ತು. ಪಕ್ಕದ ಟ್ರೇಯಲ್ಲಿ ಸ್ಪಿರಿಟ್ ಹತ್ತಿ ಇತ್ತು. ಅವರ ಕೈ ಅತ್ತ ಹೋಯಿತು.

“ಗೆರೆ ನಂದು ಸಿಸ್ಟರ್” ಅಂದಳು ಗುಬ್ಬಿ. ಹೇಳಿ ಅಲ್ಲೇ ನಿಂತಳು.

ಗುಡುಗು ಸಿಸ್ಟರ್ ಹತ್ತಿಯನ್ನು ತೆಗೆದುಕೊಂಡು ತಮ್ಮ ಕೈ ಒರೆಸಿಕೊಂಡರು. ಬಗ್ಗಿ ಗೆರೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

“ತಾರೀಕೆಲ್ಲಿ?”

“ಸಿಸ್ಟರ್...?”

“ಗೆರೆ ಎಳೆದು ತಾರೀಕು ಬರೀದಿದ್ದರೆ ಯಾರಿಗೆ ಏನು ಗೊತ್ತಾಗುತ್ತೆ? ಅರ್ಧಂಬರ್ಧ ಕೆಲಸ ನನ್ನ ವಾರ್ಡಲ್ಲಿ ಬೇಡ. ಬರಿ!” ವಾರ್ಡೆಲ್ಲ ಕೇಳುವಂತೆ ಗುಡುಗಿದರು.

ಗುಬ್ಬಿ ಬರೆದಳು. ಬರೆಯುವಾಗ ಅವಳ ಕಣ್ಣಿನಿಂದ ಒಂದು ಹನಿ ನನ್ನ ಪಾದದ ಮೇಲೆ ಬಿತ್ತು. ಬಿದ್ದದ್ದು ನನಗೆ ಗೊತ್ತಾಗಲಿಲ್ಲ, ಕಾಲಿಗೆ ಅದೆಲ್ಲ ತಿಳಿಯುವುದಿಲ್ಲವಲ್ಲ. ಕಂಡಿತು.

ಗುಡುಗು ಸಿಸ್ಟರ್ ಹೋಗಲು ತಿರುಗಿದವರು ಮತ್ತೆ ನಿಂತರು. ಆ ಪ್ರಶ್ನೆ ಅವರ ಬಾಯಿಗೆ ಹೊಸದು, ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು. “ಮೇಸ್ತ್ರಿಗಳೇ, ಇವಳು ಹೇಳಿದ್ದರಲ್ಲಿ ಏನಾದರೂ ಬಿಟ್ಟುಹೋಯ್ತಾ?”

ಒಂದು ಉಗುರು ಹೋಗಿದೆ ಅನ್ನಲು ಬಾಯಿ ತೆರೆದೆ. ಎಲ್ಲರೂ ಕಾಯುತ್ತಿದ್ದರು. ಅಕ್ಕನ ಮಗಳೂ ಬಾಗಿಲಲ್ಲಿ ನಿಂತಿದ್ದಳು.

“ಮೂರು ಬೆರಳು ಸಿಸ್ಟರ್” ಅಂದೆ. “ಹೆಬ್ಬೆರಳೂ ಸೇರಿ.”